ಕ್ಯಾನ್ಸರ್ ಕೋಶದ ಗುರುತು: ಪ್ರಯೋಗಾಲಯ ಅದನ್ನು ಪತ್ತೆಹಚ್ಚುವುದು ಹೇಗೆ?



ಚಿಕಿತ್ಸೆಯ ನೆರವು ಕೋರಿ ಬರುವ ಅರ್ಜಿಗಳಲ್ಲಿಯೂ, ಉನ್ನತ ಶಿಕ್ಷಣದ ನೆರವು ಕೋರಿ ಬರುವ ಅರ್ಜಿಗಳಲ್ಲಿಯೂ ಈಚೆಗೆ ಒಂದೇ ಪದ ಕಣ್ಣಿಗೆ ಬೀಳುತ್ತಿದೆ: ಇಮ್ಯುನೋಥೆರಪಿ. ರೋಗಿಯ ಮನೆಯವರಿಗೆ ಅದು ಕೊನೆಯ ಭರವಸೆ. ಬಯೋಟೆಕ್ನಾಲಜಿ ಓದುವ ಹುಡುಗ ಹುಡುಗಿಯರಿಗೆ ಅದು ಮುಂದಿನ ದಾರಿ. ಇಬ್ಬರಿಗೂ ಉಪಯೋಗವಾಗಲೆಂದು, ಈ ಚಿಕಿತ್ಸೆಯ ಹಿಂದೆ ಪ್ರಯೋಗಾಲಯದಲ್ಲಿ ನಡೆಯುವ ಕೆಲಸವನ್ನು ಸರಳವಾಗಿ ವಿವರಿಸುವ ಪ್ರಯತ್ನ ಈ ಲೇಖನ.

ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆಯನ್ನೇ ಕ್ಯಾನ್ಸರ್ ವಿರುದ್ಧ ನಿಲ್ಲಿಸುವುದು ಇಮ್ಯುನೋಥೆರಪಿ. ಕೇಳಲು ಸುಲಭ. ತೊಡಕಿರುವುದು ಗುರುತಿನಲ್ಲಿ. ಟೈಫಾಯ್ಡ್ ರೋಗಾಣು ಹೊರಗಿನಿಂದ ಬಂದದ್ದು. ಅದರ ಮೈಮೇಲಿನ ವಸ್ತುಗಳು ನಮ್ಮ ದೇಹದಲ್ಲಿ ಇಲ್ಲ. ಕ್ಯಾನ್ಸರ್ ಕೋಶ ಹಾಗಲ್ಲ. ಅದು ನಮ್ಮದೇ ಕೋಶ, ದಾರಿ ತಪ್ಪಿದ್ದು. ಅದನ್ನು ನೆರೆಯ ಆರೋಗ್ಯವಂತ ಕೋಶದಿಂದ ಬೇರ್ಪಡಿಸಿ ತೋರಿಸುವ ಗುರುತು ಯಾವುದು? ಆ ಗುರುತಿಗೆ ಆಂಟಿಜನ್ ಎಂದು ಹೆಸರು. ನಮ್ಮ ಪಠ್ಯಪುಸ್ತಕಗಳಲ್ಲಿ ಅದನ್ನು ಪ್ರತಿಜನಕ ಎನ್ನುತ್ತಾರೆ.

ಗುರುತು ಸರಿಯಾಗಿ ಸಿಕ್ಕರೆ ಚಿಕಿತ್ಸೆ ಗೆಡ್ಡೆಯನ್ನು ಹುಡುಕಿ ಹೊಡೆಯುತ್ತದೆ. ಗುರುತು ತಪ್ಪಿದರೆ ಏಟು ಬೇರೆ ಅಂಗಕ್ಕೆ ಬೀಳುತ್ತದೆ. ಆದ್ದರಿಂದ ಪ್ರಯೋಗಾಲಯ ಯಾವುದೇ ಆಂಟಿಜನ್ ಬಗ್ಗೆ ನಾಲ್ಕು ಪ್ರಶ್ನೆ ಕೇಳುತ್ತದೆ. ಒಂದು, ಅದು ಈ ರೋಗಿಯ ಗೆಡ್ಡೆಯಲ್ಲಿ ಇದೆಯೇ? ಎರಡು, ಅದು ಕೋಶದ ಹೊರಮೈಯಲ್ಲಿ ಕಾಣಿಸುತ್ತದೆಯೇ? ಮೂರು, ರೋಗನಿರೋಧಕ ಕೋಶಗಳು ಅದನ್ನು ಕಂಡು ನಿಜವಾಗಿಯೂ ದಾಳಿ ಮಾಡುತ್ತವೆಯೇ? ನಾಲ್ಕು, ಹೃದಯ, ಮಿದುಳು, ಶ್ವಾಸಕೋಶದಂಥ ಅಂಗಗಳಲ್ಲಿ ಅದು ಇಲ್ಲ ಎಂಬುದು ಖಚಿತವೇ? ಮೊದಲ ಮೂರಕ್ಕೆ ಉತ್ತರ ಸಿಗದಿದ್ದರೆ ಚಿಕಿತ್ಸೆ ಫಲಿಸದು. ನಾಲ್ಕನೆಯದರಲ್ಲಿ ತಪ್ಪಿದರೆ ಪ್ರಾಣವೇ ಹೋಗಬಹುದು.

ಗೆಡ್ಡೆಯಲ್ಲಿ ಇದೆಯೇ: ಬಣ್ಣ ಹಾಕಿ ನೋಡುವ ಪರೀಕ್ಷೆ

ಬಯಾಪ್ಸಿ ತೆಗೆದ ತುಂಡನ್ನು ಫಾರ್ಮಾಲಿನ್‌ನಲ್ಲಿಟ್ಟು, ಆಮೇಲೆ ಮೇಣದ ಅಚ್ಚಿನಲ್ಲಿ ಕೂರಿಸುತ್ತಾರೆ. ಅದೇ ಪ್ಯಾರಫಿನ್ ಬ್ಲಾಕ್. ಅದರಿಂದ ಸುಮಾರು 4 ಮೈಕ್ರಾನ್ ದಪ್ಪದ ಪದರಗಳನ್ನು ಕತ್ತರಿಸಿ ಗಾಜಿನ ಸ್ಲೈಡ್ ಮೇಲೆ ಹಾಸುತ್ತಾರೆ. ನಮ್ಮ ತಲೆಗೂದಲಿನ ದಪ್ಪದೊಡನೆ ಹೋಲಿಸಿದರೆ ಇದು ಹತ್ತನೇ ಒಂದು ಪಾಲಿಗಿಂತಲೂ ತೆಳು. ಈ ಪದರದ ಮೇಲೆ ಒಂದು ಆಂಟಿಬಾಡಿ ಸುರಿಯುತ್ತಾರೆ. ಆಂಟಿಬಾಡಿ ಎಂದರೆ ಒಂದೇ ಒಂದು ಗುರುತಿಗೆ ಅಂಟಿಕೊಳ್ಳುವ ಪ್ರೋಟೀನ್. ಅದು ಅಂಟಿದ ಕಡೆ ಕಂದು ಬಣ್ಣ ಮೂಡುವಂತೆ ಇನ್ನೊಂದು ರಾಸಾಯನಿಕ ಸೇರಿಸುತ್ತಾರೆ. ಇದು ಇಮ್ಯುನೋಹಿಸ್ಟೋಕೆಮಿಸ್ಟ್ರಿ. ಆಸ್ಪತ್ರೆಯ ವರದಿಗಳಲ್ಲಿ ಐಎಚ್‌ಸಿ ಎಂದು ಬರೆದಿರುತ್ತದೆ.

ಇಂಥ ಪರೀಕ್ಷೆಗಳಿಗೆ ಬೇಕಾದ ಏಕರೂಪದ ಆಂಟಿಬಾಡಿಗಳನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು 1975ರಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಕಂಡುಹಿಡಿದರು. 1984ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಸ್ತನ ಕ್ಯಾನ್ಸರ್‌ನ ಹರ್-2 ಪರೀಕ್ಷೆ ಇದಕ್ಕೆ ಒಳ್ಳೆಯ ಉದಾಹರಣೆ. ಬಣ್ಣದ ಗಾಢತೆ ನೋಡಿ 0, 1+, 2+, 3+ ಎಂದು ಅಂಕ ಕೊಡುತ್ತಾರೆ. 3+ ಎಂದರೆ ಗುರುತು ಧಾರಾಳವಾಗಿದೆ. 1998ರಿಂದ ಬಳಕೆಯಲ್ಲಿರುವ ಟ್ರಾಸ್ಟುಜುಮ್ಯಾಬ್ ಔಷಧಿ ಇಂಥವರಿಗೆ ಉಪಯುಕ್ತ. 2+ ಎಂದರೆ ಅನುಮಾನ. ಆಗ ಫಿಶ್ ಎಂಬ ಇನ್ನೊಂದು ಪರೀಕ್ಷೆಯಲ್ಲಿ ಹರ್-2 ಜೀನ್ ಎಷ್ಟು ಪ್ರತಿಗಳಾಗಿ ಹೆಚ್ಚಿದೆ ಎಂದು ಎಣಿಸುತ್ತಾರೆ.

ಈ ವಿಧಾನಕ್ಕೆ ಮಿತಿಯೂ ಇದೆ. ಬಣ್ಣ ಕಾಣಲಿಲ್ಲ ಎಂದರೆ ಗುರುತು ಇಲ್ಲವೇ ಇಲ್ಲ ಎಂದಲ್ಲ. ಕಣ್ಣಿಗೆ ಕಾಣುವಷ್ಟು ಇಲ್ಲ ಎಂದು ಮಾತ್ರ ಅರ್ಥ. 2010ರಲ್ಲಿ ಅಮೆರಿಕದಲ್ಲಿ ವರದಿಯಾದ ಒಂದು ಪ್ರಯೋಗದಲ್ಲಿ, ಹರ್-2 ಗುರುತನ್ನು ಹುಡುಕಿ ಹೊಡೆಯುವಂತೆ ಸಿದ್ಧಪಡಿಸಿದ ಟಿ-ಕೋಶಗಳನ್ನು ಕರುಳಿನ ಕ್ಯಾನ್ಸರ್ ಇದ್ದ ರೋಗಿಯೊಬ್ಬರಿಗೆ ಕೊಟ್ಟರು. ಕೆಲವೇ ನಿಮಿಷಗಳಲ್ಲಿ ಉಸಿರಾಟದ ತೊಂದರೆ ಶುರುವಾಯಿತು. ಐದು ದಿನಗಳ ನಂತರ ರೋಗಿ ತೀರಿಕೊಂಡರು. ಶ್ವಾಸಕೋಶದ ಕೋಶಗಳಲ್ಲಿ ಅತ್ಯಲ್ಪ ಪ್ರಮಾಣದಲ್ಲಿದ್ದ ಹರ್-2 ಇದಕ್ಕೆ ಕಾರಣವಾಗಿರಬೇಕೆಂದು ಸಂಶೋಧಕರೇ ಬರೆದರು.

ಹೊರಮೈಯಲ್ಲಿ ಇದೆಯೇ: ಕೋಶಗಳನ್ನು ಒಂದೊಂದಾಗಿ ಎಣಿಸುವ ಯಂತ್ರ

ರಕ್ತದ ಕ್ಯಾನ್ಸರ್‌ನಲ್ಲಿ ಕೋಶಗಳು ಬಿಡಿಬಿಡಿಯಾಗಿ ತೇಲುತ್ತಿರುತ್ತವೆ. ಅವುಗಳಿಗೆ ಹೊಳೆಯುವ ಬಣ್ಣ ಕಟ್ಟಿದ ಆಂಟಿಬಾಡಿ ಬೆರೆಸಿ, ಸಣ್ಣ ಧಾರೆಯಲ್ಲಿ ಒಂದರ ಹಿಂದೆ ಒಂದರಂತೆ ಲೇಸರ್ ಬೆಳಕಿನ ಮುಂದೆ ಹರಿಸುತ್ತಾರೆ. ಯಾವ ಕೋಶ ಹೊಳೆಯಿತು, ಎಷ್ಟು ಹೊಳೆಯಿತು ಎಂದು ಯಂತ್ರ ದಾಖಲಿಸುತ್ತದೆ. ಇದರ ಹೆಸರು ಫ್ಲೋ ಸೈಟೋಮೀಟರ್. ಸಾವಿರಾರು ಕೋಶಗಳ ಲೆಕ್ಕ ಕೆಲವೇ ಕ್ಷಣಗಳಲ್ಲಿ ಸಿಗುತ್ತದೆ.

ಸಿಡಿ-19 ಎಂಬ ಗುರುತು ಇದೇ ವಿಧಾನದಲ್ಲಿ ಕಾಣುತ್ತದೆ. ಅದು ಬಿ-ಕೋಶಗಳಿಂದ ಹುಟ್ಟುವ ಲುಕೇಮಿಯಾ ಮತ್ತು ಲಿಂಫೋಮಾದಲ್ಲಿ ಇರುತ್ತದೆ. ಆರೋಗ್ಯವಂತ ಬಿ-ಕೋಶಗಳಲ್ಲಿಯೂ ಇರುತ್ತದೆ. ಹಾಗಾದರೆ ನಾಲ್ಕನೆಯ ಪ್ರಶ್ನೆಗೆ ಏನುತ್ತರ? ಬಿ-ಕೋಶಗಳು ಸ್ವಲ್ಪ ಕಾಲ ಇಲ್ಲದಿದ್ದರೂ ಮನುಷ್ಯ ಬದುಕಬಲ್ಲ. ಅಗತ್ಯ ಬಿದ್ದರೆ ಇಮ್ಯುನೋಗ್ಲಾಬ್ಯುಲಿನ್ ಕೊಟ್ಟು ಕಾಪಾಡಬಹುದು. ಈ ಲೆಕ್ಕಾಚಾರದ ಮೇಲೆಯೇ ಸಿಡಿ-19 ಕಾರ್-ಟಿ ಚಿಕಿತ್ಸೆ ನಿಂತಿದೆ. ರೋಗಿಯ ಟಿ-ಕೋಶಗಳನ್ನು ಹೊರತೆಗೆದು, ಸಿಡಿ-19 ಗುರುತಿಸುವ ಹೊಸ ಜೀನ್ ಸೇರಿಸಿ, ಮರಳಿ ಅದೇ ರೋಗಿಗೆ ಕೊಡುವ ಚಿಕಿತ್ಸೆ ಇದು.

ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರದವರು ಸೇರಿ ರೂಪಿಸಿದ ನೆಕ್ಸ್‌ಕಾರ್-19ಕ್ಕೆ 2023ರ ಅಕ್ಟೋಬರ್‌ನಲ್ಲಿ ಭಾರತದಲ್ಲಿ ಅನುಮತಿ ಸಿಕ್ಕಿತು. ಬೆಂಗಳೂರಿನ ಇಮ್ಯುನೀಲ್ ಥೆರಪ್ಯೂಟಿಕ್ಸ್ 2025ರಲ್ಲಿ ತನ್ನ ಕಾರ್-ಟಿ ಚಿಕಿತ್ಸೆಯನ್ನು ಹೊರತಂದಿತು. ಎರಡರ ಗುರಿಯೂ ಸಿಡಿ-19. ಚಿಕಿತ್ಸೆಯ ನಂತರ ರೋಗ ಮರುಕಳಿಸಿದರೆ ಮತ್ತೆ ಫ್ಲೋ ಸೈಟೋಮೀಟರ್ ಪರೀಕ್ಷೆ ಬೇಕಾಗುತ್ತದೆ. ಕೆಲವು ಕ್ಯಾನ್ಸರ್ ಕೋಶಗಳು ಈ ಗುರುತನ್ನು ಕಳಚಿ ಹಾಕಿ ತಪ್ಪಿಸಿಕೊಂಡಿರುತ್ತವೆ.

ಒಳಗಿನ ಗುರುತುಗಳು: ಬ್ರಸೆಲ್ಸ್ ಮತ್ತು ಹೊಂಬುರ್ಗ್

ಹರ್-2, ಸಿಡಿ-19 ಇವು ಕೋಶದ ಹೊರಮೈಯಲ್ಲಿಯೇ ಇರುವ ಪ್ರೋಟೀನ್‌ಗಳು. ಆದರೆ ಹೆಚ್ಚಿನ ಪ್ರೋಟೀನ್‌ಗಳು ಕೋಶದ ಒಳಗಿರುತ್ತವೆ. ಕೋಶ ತನ್ನೊಳಗಿನ ಪ್ರೋಟೀನ್‌ಗಳನ್ನು ಚೂರು ಮಾಡಿ, ಆ ಚೂರುಗಳನ್ನು ಎಚ್‌ಎಲ್‌ಎ ಎಂಬ ತಟ್ಟೆಯಲ್ಲಿಟ್ಟು ಹೊರಮೈಯಲ್ಲಿ ಪ್ರದರ್ಶಿಸುತ್ತದೆ. ಚೂರಿನ ಉದ್ದ ಸಾಮಾನ್ಯವಾಗಿ ಒಂಬತ್ತು ಅಮೈನೋ ಆಮ್ಲ, ಒಂಬತ್ತು ಮಣಿಗಳ ಸಣ್ಣ ಸರವಿದ್ದಂತೆ. ಟಿ-ಕೋಶಗಳು ಓಡಾಡುತ್ತ ಈ ತಟ್ಟೆಗಳನ್ನು ಪರಿಶೀಲಿಸುತ್ತವೆ.

ಟಿ-ಕೋಶಗಳು ಕ್ಯಾನ್ಸರ್‌ನಲ್ಲಿ ನಿಖರವಾಗಿ ಏನನ್ನು ಕಾಣುತ್ತವೆ ಎಂಬುದನ್ನು ಮನುಷ್ಯರಲ್ಲಿ ಮೊದಲು ತೋರಿಸಿದವರು ಬ್ರಸೆಲ್ಸ್‌ನ ಲುಡ್‌ವಿಗ್ ಸಂಸ್ಥೆಯ ಥಿಯರಿ ಬೂನ್ ಮತ್ತು ಸಂಗಡಿಗರು. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಇದ್ದ ಒಬ್ಬ ರೋಗಿಯ ಗೆಡ್ಡೆಯ ಕೋಶಗಳನ್ನೂ, ಅದೇ ರೋಗಿಯ ಟಿ-ಕೋಶಗಳನ್ನೂ ಅವರು ಪ್ರಯೋಗಾಲಯದಲ್ಲಿ ಬೆಳೆಸಿದರು. ಟಿ-ಕೋಶಗಳ ಕಣ್ಣಿಗೆ ಬೀಳದಂತಾಗಿದ್ದ ಗೆಡ್ಡೆಕೋಶಗಳಿಗೆ ಮೂಲ ಗೆಡ್ಡೆಯ ಡಿಎನ್‌ಎ ತುಣುಕುಗಳನ್ನು ಸೇರಿಸುತ್ತ ಹೋದರು. ಯಾವ ತುಣುಕು ಸೇರಿದಾಗ ಟಿ-ಕೋಶಗಳು ಮತ್ತೆ ಗುರುತು ಹಿಡಿದವೋ ಅದರಲ್ಲಿಯೇ ಬೇಕಾದ ಜೀನ್ ಇತ್ತು. 1991ರಲ್ಲಿ ಪ್ರಕಟವಾದ ಆ ಜೀನ್‌ಗೆ ಮೇಜ್-1 ಎಂದು ಹೆಸರಾಯಿತು. ವಯಸ್ಕರ ಅಂಗಾಂಗಗಳಲ್ಲಿ ಈ ಕುಟುಂಬದ ಹಲವು ಜೀನ್‌ಗಳು ವೃಷಣದ ಹೊರತು ಬೇರೆಡೆ ಸಾಮಾನ್ಯವಾಗಿ ಮೌನವಾಗಿರುತ್ತವೆ. ವೃಷಣದ ಆ ಕೋಶಗಳಲ್ಲಿ ಎಚ್‌ಎಲ್‌ಎ ತಟ್ಟೆ ಇಲ್ಲದ್ದರಿಂದ ಟಿ-ಕೋಶಗಳ ದಾಳಿ ಅಲ್ಲಿಗೆ ತಲುಪುವುದಿಲ್ಲ.

ಬೂನ್ ಅವರ ದಾರಿ ಕಷ್ಟದ್ದು. ಎಲ್ಲ ರೋಗಿಗಳ ಗೆಡ್ಡೆಯೂ ಪ್ರಯೋಗಾಲಯದಲ್ಲಿ ಬೆಳೆಯುವುದಿಲ್ಲ. 1995ರಲ್ಲಿ ಜರ್ಮನಿಯ ಹೊಂಬುರ್ಗ್‌ನಲ್ಲಿ ಮೈಕೆಲ್ ಫ್ರೊಯಿಂಡ್‌ಶುಹ್ ಅವರ ತಂಡ ಇನ್ನೊಂದು ದಾರಿ ತೋರಿಸಿತು. ಆ ಪ್ರಬಂಧದ ಮೊದಲ ಲೇಖಕ ಊರ್ ಶಾಹಿನ್ ಎಂಬ ಯುವ ವೈದ್ಯ. ಗೆಡ್ಡೆಯಲ್ಲಿ ಚಾಲ್ತಿಯಲ್ಲಿರುವ ಜೀನ್‌ಗಳ ಪ್ರತಿಗಳನ್ನು ಫೇಜ್ ಎಂಬ ವೈರಸ್‌ಗಳಿಗೆ ಸೇರಿಸಿ, ಅವುಗಳನ್ನು ಬ್ಯಾಕ್ಟೀರಿಯಾ ಬೆಳೆದ ತಟ್ಟೆಗಳ ಮೇಲೆ ಬಿಟ್ಟರು. ಅಲ್ಲಲ್ಲಿ ಒಂದೊಂದು ಚುಕ್ಕೆಯಲ್ಲಿ ಒಂದೊಂದು ಮಾನವ ಪ್ರೋಟೀನ್ ತಯಾರಾಯಿತು. ಅದರ ಅಚ್ಚನ್ನು ಒಂದು ಹಾಳೆಗೆ ಇಳಿಸಿ, ಅದೇ ರೋಗಿಯ ರಕ್ತದ ಸೀರಂ ಸುರಿದರು. ರೋಗಿಯ ದೇಹದಲ್ಲಿ ಮೊದಲೇ ಹುಟ್ಟಿದ್ದ ಆಂಟಿಬಾಡಿಗಳು ತಮ್ಮ ಗುರಿಯ ಚುಕ್ಕೆಗೆ ಅಂಟಿಕೊಂಡವು. ಅಂದರೆ ರೋಗಿಯ ರಕ್ತವೇ ಗುರುತನ್ನು ತೋರಿಸಿಕೊಟ್ಟಿತು. ಸೆರೆಕ್ಸ್ ಎಂಬ ಈ ವಿಧಾನದಿಂದಲೇ 1997ರಲ್ಲಿ ಅನ್ನನಾಳದ ಕ್ಯಾನ್ಸರ್‌ನಲ್ಲಿ ಎನ್‌ವೈ-ಎಸೊ-1 ಎಂಬ ಹೆಸರುವಾಸಿ ಆಂಟಿಜನ್ ಸಿಕ್ಕಿತು.

ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಮನೆಗಳಿಗೆ ಇಲ್ಲಿ ಒಂದು ಮಾತು. ಶಾಹಿನ್ ಹುಟ್ಟಿದ್ದು ಟರ್ಕಿಯಲ್ಲಿ. ನಾಲ್ಕು ವರ್ಷದವರಿದ್ದಾಗ ಜರ್ಮನಿಗೆ ಬಂದರು. ತಂದೆ ಕೊಲೋನ್ ನಗರದ ಕಾರು ಕಾರ್ಖಾನೆಯ ಕೆಲಸಗಾರ. ಮುಂದೆ ಅವರೂ ಪತ್ನಿ ಓಜ್ಲೆಮ್ ತ್ಯುರೆಜಿಯವರೂ ಸೇರಿ 2008ರಲ್ಲಿ ಬಯೋಎನ್‌ಟೆಕ್ ಸ್ಥಾಪಿಸಿದರು. ಕೋವಿಡ್ ಲಸಿಕೆಯಿಂದ ಜಗತ್ತಿಗೆ ಪರಿಚಯವಾದ ಆ ಸಂಸ್ಥೆ ಹುಟ್ಟಿದ್ದು ಕ್ಯಾನ್ಸರ್ ಆಂಟಿಜನ್‌ಗಳ ಈ ಕೆಲಸದಿಂದ.

ತಟ್ಟೆಯನ್ನೇ ತೂಗಿ ನೋಡುವುದು, ಜೀನ್ ಓದಿ ಊಹಿಸುವುದು

ರಕ್ತದಲ್ಲಿ ಆಂಟಿಬಾಡಿ ಸಿಕ್ಕಿತೆಂದರೆ ಟಿ-ಕೋಶವೂ ಆ ಗುರುತನ್ನು ಕಾಣುತ್ತದೆ ಎಂದೇನೂ ಅಲ್ಲ. ಎಚ್‌ಎಲ್‌ಎ ತಟ್ಟೆಯಲ್ಲಿ ಏನಿದೆ ಎಂದು ನೇರವಾಗಿ ನೋಡಬೇಕಾದರೆ ಗೆಡ್ಡೆಯ ಕೋಟಿಗಟ್ಟಲೆ ಕೋಶಗಳನ್ನು ಒಡೆದು, ಎಚ್‌ಎಲ್‌ಎಗೆ ಅಂಟುವ ಆಂಟಿಬಾಡಿಯಿಂದ ತಟ್ಟೆಗಳನ್ನು ಹಿಡಿದು, ಆಮ್ಲದಿಂದ ತೊಳೆದು ಚೂರುಗಳನ್ನು ಬಿಡಿಸಿಕೊಳ್ಳುತ್ತಾರೆ. ಆಮೇಲೆ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರ ಪ್ರತಿ ಚೂರಿನ ತೂಕ ಅಳೆದು, ಒಡೆದು, ಮಣಿಗಳ ಕ್ರಮವನ್ನು ಹೇಳುತ್ತದೆ. ಡೊನಾಲ್ಡ್ ಹಂಟ್ ಅವರ ತಂಡ 1992ರಲ್ಲಿ ಇದನ್ನು ಸಾಧಿಸಿ ತೋರಿಸಿತು. ಇದು ಊಹೆಯಲ್ಲ, ಕಣ್ಣಾರೆ ಕಂಡ ಸಾಕ್ಷಿ. ಆದರೆ ಸಾಕಷ್ಟು ಅಂಗಾಂಶ ಬೇಕು. ಸಣ್ಣ ಬಯಾಪ್ಸಿಯಿಂದ ಕಷ್ಟ.

ಇನ್ನೊಂದು ದಾರಿ ಜೀನ್ ಓದುವುದು. ರೋಗಿಯ ಗೆಡ್ಡೆಯ ಡಿಎನ್‌ಎಯನ್ನೂ ರಕ್ತದ ಡಿಎನ್‌ಎಯನ್ನೂ ಓದಿ ಹೋಲಿಸಿದರೆ, ಗೆಡ್ಡೆಯಲ್ಲಿ ಮಾತ್ರ ಆಗಿರುವ ಬದಲಾವಣೆಗಳು ತಿಳಿಯುತ್ತವೆ. ಅಂಥ ಬದಲಾವಣೆಯಿಂದ ಹುಟ್ಟುವ ಹೊಸ ಗುರುತೇ ನಿಯೋಆಂಟಿಜನ್. ಅದು ಆರೋಗ್ಯವಂತ ಕೋಶದಲ್ಲಿ ಇಲ್ಲದ್ದರಿಂದ ಅಪಾಯ ಕಡಿಮೆ. ಯಾವ ಚೂರು ಈ ರೋಗಿಯ ಎಚ್‌ಎಲ್‌ಎ ತಟ್ಟೆಯಲ್ಲಿ ಕೂರಬಹುದು ಎಂದು ಕಂಪ್ಯೂಟರ್ ಅಂದಾಜು ಮಾಡುತ್ತದೆ. 2017ರಲ್ಲಿ ಬಾಸ್ಟನ್‌ನ ಸಂಶೋಧಕರು ಆರು ಮೆಲನೋಮ ರೋಗಿಗಳಿಗೆ ಹೀಗೆ ಅವರವರದೇ ಲಸಿಕೆ ತಯಾರಿಸಿ ಕೊಟ್ಟರು. ಅದೇ ವರ್ಷ ಶಾಹಿನ್ ಅವರ ತಂಡ ಹದಿಮೂರು ರೋಗಿಗಳ ಫಲಿತಾಂಶ ಪ್ರಕಟಿಸಿತು. ಬಾಸ್ಟನ್ ಅಧ್ಯಯನದಲ್ಲಿ ಬಳಸಿದ ನಿಯೋಆಂಟಿಜನ್‌ಗಳು ಒಟ್ಟು 97. ಕೋಶಗಳನ್ನು ನೇರವಾಗಿ ಕೊಲ್ಲುವ ಸಿಡಿ-8 ಟಿ-ಕೋಶಗಳು ಅವುಗಳಲ್ಲಿ 15ಕ್ಕೆ ಮಾತ್ರ ಎಚ್ಚೆತ್ತವು. ನೆರವಿಗೆ ನಿಲ್ಲುವ ಸಿಡಿ-4 ಟಿ-ಕೋಶಗಳು 58ಕ್ಕೆ. ಅಂದಾಜು ಬೇರೆ, ನಿಜವಾದ ಪ್ರತಿಕ್ರಿಯೆ ಬೇರೆ ಎಂಬುದಕ್ಕೆ ಈ ಸಂಖ್ಯೆಗಳೇ ಸಾಕ್ಷಿ.

ಟಿ-ಕೋಶವನ್ನೇ ಕೇಳುವ ಪರೀಕ್ಷೆಗಳು

ಆದ್ದರಿಂದ ಮೂರನೆಯ ಪ್ರಶ್ನೆಗೆ ಟಿ-ಕೋಶವನ್ನೇ ಪರೀಕ್ಷಿಸಬೇಕು. ಹಳೆಯ ವಿಧಾನದಲ್ಲಿ ಗೆಡ್ಡೆಯ ಕೋಶಗಳಿಗೆ ವಿಕಿರಣ ಸೂಸುವ ಕ್ರೋಮಿಯಂ-51 ತುಂಬಿ, ಟಿ-ಕೋಶಗಳ ಜೊತೆ ಕೆಲವು ಗಂಟೆ ಬಿಡುತ್ತಾರೆ. ಸತ್ತ ಕೋಶದಿಂದ ಕ್ರೋಮಿಯಂ ಸೋರುತ್ತದೆ. ಸೋರಿದ್ದನ್ನು ಅಳೆದರೆ ಎಷ್ಟು ಕೋಶ ಸತ್ತವೆಂದು ಗೊತ್ತಾಗುತ್ತದೆ. 1983ರಲ್ಲಿ ಬಂದ ಎಲಿಸ್ಪಾಟ್ ಎಂಬ ಪರೀಕ್ಷೆಯಲ್ಲಿ ಪ್ರತಿಕ್ರಿಯಿಸಿದ ಪ್ರತಿ ಕೋಶವೂ ತಟ್ಟೆಯ ಮೇಲೆ ಒಂದು ಚುಕ್ಕೆ ಬಿಡುತ್ತದೆ. ಚುಕ್ಕೆ ಎಣಿಸಿದರೆ ಸಾಕು. 1996ರಲ್ಲಿ ಬಂದ ಟೆಟ್ರಾಮರ್ ವಿಧಾನದಲ್ಲಿ ನಾಲ್ಕು ಎಚ್‌ಎಲ್‌ಎ ತಟ್ಟೆಗಳನ್ನು ಅವುಗಳಲ್ಲಿನ ಚೂರಿನ ಸಮೇತ ಒಟ್ಟುಗೂಡಿಸಿ, ಹೊಳೆಯುವ ಬಣ್ಣ ಹಚ್ಚುತ್ತಾರೆ. ಅದಕ್ಕೆ ಸರಿಹೊಂದುವ ಟಿ-ಕೋಶ ಬಂದು ಹಿಡಿದುಕೊಳ್ಳುತ್ತದೆ, ಫ್ಲೋ ಸೈಟೋಮೀಟರ್ ಅದನ್ನು ಎಣಿಸುತ್ತದೆ.

ಒಂಬತ್ತರಲ್ಲಿ ಐದು ಮಣಿ

ನಾಲ್ಕನೆಯ ಪ್ರಶ್ನೆ ಎಷ್ಟು ಕಠಿಣ ಎಂಬುದು 2013ರಲ್ಲಿ ಜಗತ್ತಿಗೆ ಗೊತ್ತಾಯಿತು. ಮೇಜ್ ಕುಟುಂಬದ ಮೇಜ್-ಎ3 ಎಂಬ ಗುರುತಿಗೆ ಸಂಶೋಧಕರು ಟಿ-ಕೋಶಗಳನ್ನು ಸಿದ್ಧಪಡಿಸಿದ್ದರು. ಹಿಡಿತ ಇನ್ನೂ ಬಿಗಿಯಾಗಲೆಂದು ಅವುಗಳ ಗ್ರಾಹಕವನ್ನು ಬದಲಿಸಿದ್ದರು. ಪ್ರಯೋಗಾಲಯದಲ್ಲಿ ಬೆಳೆಸಿದ ಸಾಮಾನ್ಯ ಕೋಶಗಳ ಮೇಲೆ ಪರೀಕ್ಷಿಸಿದ್ದರು, ತೊಂದರೆ ಕಂಡಿರಲಿಲ್ಲ. ಮೊದಲ ಇಬ್ಬರು ರೋಗಿಗಳಿಗೆ ಕೊಟ್ಟರು. ಒಬ್ಬರಿಗೆ ಮೆಲನೋಮ, ಇನ್ನೊಬ್ಬರಿಗೆ ಮೈಲೋಮ. ಕೆಲವೇ ದಿನಗಳಲ್ಲಿ ಇಬ್ಬರೂ ಹೃದಯ ವೈಫಲ್ಯದಿಂದ ತೀರಿಕೊಂಡರು. ಅವರ ಹೃದಯದಲ್ಲಿ ಮೇಜ್-ಎ3 ಇರಲಿಲ್ಲ.

ಹಾಗಾದರೆ ಟಿ-ಕೋಶ ಕಂಡದ್ದು ಏನು? ಮೇಜ್-ಎ3 ಚೂರಿನ ಒಂಬತ್ತು ಮಣಿಗಳನ್ನು ವಿಜ್ಞಾನದ ಸಂಕೇತಾಕ್ಷರಗಳಲ್ಲಿ ಬರೆದರೆ: ಇ, ವಿ, ಡಿ, ಪಿ, ಐ, ಜಿ, ಎಚ್, ಎಲ್, ವೈ. ಹೃದಯದ ಸ್ನಾಯುವಿನಲ್ಲಿ ಟೈಟಿನ್ ಎಂಬ ಬೃಹತ್ ಪ್ರೋಟೀನ್ ಇದೆ. ಅದರ ಒಂದು ಚೂರು: ಇ, ಎಸ್, ಡಿ, ಪಿ, ಐ, ವಿ, ಎ, ಕ್ಯೂ, ವೈ. ಹೋಲಿಸಿ ನೋಡಿ. ಒಂಬತ್ತರಲ್ಲಿ ಐದು ಮಣಿಗಳು ಅದೇ ಜಾಗದಲ್ಲಿ ಅದೇ ಇವೆ. ಬಿಗಿ ಮಾಡಿದ ಹಿಡಿತಕ್ಕೆ ಅಷ್ಟು ಸಾಕಾಯಿತು.

ಮೊದಲಿನ ಪರೀಕ್ಷೆಗಳಲ್ಲಿ ಇದು ಸಿಗದಿದ್ದುದಕ್ಕೆ ಕಾರಣವಿದೆ. ತಟ್ಟೆಯಲ್ಲಿ ಬೆಳೆಸಿದ ಸಾಮಾನ್ಯ ಹೃದಯಕೋಶಗಳು ಟೈಟಿನ್ ತಯಾರಿಸುತ್ತಿರಲಿಲ್ಲ. ಇಲಿಗಳಲ್ಲಿ ಮಾನವ ಎಚ್‌ಎಲ್‌ಎ ಇಲ್ಲ. ಕಾಂಡಕೋಶಗಳಿಂದ ಬೆಳೆಸಿದ, ತಟ್ಟೆಯಲ್ಲಿಯೇ ಮಿಡಿಯುವ ಹೃದಯಕೋಶಗಳನ್ನು ಬಳಸಿದಾಗ ಮಾತ್ರ ಟಿ-ಕೋಶಗಳು ಅವುಗಳನ್ನು ಕೊಲ್ಲುವುದು ಕಂಡಿತು. ಸಂಶೋಧಕರು ಇದನ್ನು ಮುಚ್ಚಿಡದೆ ವಿವರವಾಗಿ ಪ್ರಕಟಿಸಿದರು. ಅದರ ಫಲವಾಗಿ ಈಗ ಒಂಬತ್ತು ಸ್ಥಾನಗಳಲ್ಲಿ ಒಂದೊಂದನ್ನೂ ಉಳಿದ 19 ಅಮೈನೋ ಆಮ್ಲಗಳಿಂದ ಬದಲಿಸಿ, ಅಂದರೆ 171 ಚೂರುಗಳನ್ನು ಮಾಡಿ, ಟಿ-ಕೋಶ ಯಾವುದನ್ನೆಲ್ಲ ಹಿಡಿಯುತ್ತದೆ ಎಂದು ನೋಡುವ ಕ್ರಮ ಬಳಕೆಗೆ ಬಂದಿದೆ. ಆಮೇಲೆ ಮನುಷ್ಯನ ಎಲ್ಲ ಪ್ರೋಟೀನ್‌ಗಳಲ್ಲಿ ಅಂಥ ಹೋಲಿಕೆ ಇದೆಯೇ ಎಂದು ಹುಡುಕುತ್ತಾರೆ.

ಆ ಎಚ್ಚರದ ಫಲವೂ ಕಾಣುತ್ತಿದೆ. 2024ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಮೇಜ್-ಎ4 ಗುರಿಯ ಟಿ-ಕೋಶ ಚಿಕಿತ್ಸೆಗೆ ಸೈನೋವಿಯಲ್ ಸಾರ್ಕೋಮಾ ಎಂಬ ಅಪರೂಪದ ಕ್ಯಾನ್ಸರ್‌ನಲ್ಲಿ ಅನುಮತಿ ದೊರೆಯಿತು. 44 ರೋಗಿಗಳಲ್ಲಿ 19 ಮಂದಿಯ ಗೆಡ್ಡೆ ಗಣನೀಯವಾಗಿ ಕುಗ್ಗಿತ್ತು. ಅದನ್ನು ಕೊಡುವ ಮೊದಲು ಎರಡು ಪರೀಕ್ಷೆ ಕಡ್ಡಾಯ: ಗೆಡ್ಡೆಯಲ್ಲಿ ಮೇಜ್-ಎ4 ಇದೆಯೇ, ರೋಗಿಯ ಎಚ್‌ಎಲ್‌ಎ ಪ್ರಕಾರ ಹೊಂದುತ್ತದೆಯೇ. ಬೂನ್ ಅವರ ಮೊದಲ ಜೀನ್ ಸಿಕ್ಕು ಅಷ್ಟರಲ್ಲಿ 33 ವರ್ಷಗಳಾಗಿದ್ದವು.

ನಮಗೆ ಸಂಬಂಧಪಟ್ಟ ಮಾತು

ಎಚ್‌ಎಲ್‌ಎ ಪ್ರಕಾರಗಳು ಜನಸಮುದಾಯದಿಂದ ಸಮುದಾಯಕ್ಕೆ ಬೇರೆ. ಯುರೋಪಿನವರಲ್ಲಿ ಎ2 ಗುಂಪಿನ 02:01 ಪ್ರಕಾರ ಬಹಳ ಸಾಮಾನ್ಯ. ಹೆಚ್ಚಿನ ಸಂಶೋಧನೆ ಅದರ ಮೇಲೆಯೇ ನಡೆದಿದೆ. ಭಾರತದಲ್ಲಿ ಅದೇ ಗುಂಪಿನ 02:11ರಂಥ ಬೇರೆ ಪ್ರಕಾರಗಳು ಸಾಕಷ್ಟು ಜನರಲ್ಲಿವೆ. ಅಲ್ಲಿನವರಿಗಾಗಿ ಪತ್ತೆಹಚ್ಚಿದ ಚೂರು ಇಲ್ಲಿನವರ ತಟ್ಟೆಯಲ್ಲಿ ಕೂರದೆ ಹೋಗಬಹುದು. ನಮ್ಮ ಜನರ ಗೆಡ್ಡೆ, ನಮ್ಮ ಜನರ ಎಚ್‌ಎಲ್‌ಎ ಇವುಗಳ ಮೇಲೆ ಇಲ್ಲಿಯೇ ಕೆಲಸ ಆಗಬೇಕು. ಅದಕ್ಕೆ ಇಲ್ಲಿಯ ಮಕ್ಕಳು ಆ ಪ್ರಯೋಗಾಲಯಗಳನ್ನು ಸೇರಬೇಕು.

ರೋಗಿಯ ಮನೆಯವರಲ್ಲಿ ಮೂರು ವಿನಂತಿ. ಬಯಾಪ್ಸಿಯ ಪ್ಯಾರಫಿನ್ ಬ್ಲಾಕ್ ಎಲ್ಲಿದೆ ಎಂದು ಕೇಳಿ ಗುರುತು ಮಾಡಿಟ್ಟುಕೊಳ್ಳಿ. ಮುಂದಿನ ಪರೀಕ್ಷೆಗಳಿಗೆ ಅದೇ ಆಧಾರ. ಯಾರಾದರೂ ಇಮ್ಯುನೋಥೆರಪಿ ಸೂಚಿಸಿದರೆ, ಯಾವ ಗುರುತಿನ ಮೇಲೆ, ಯಾವ ಪರೀಕ್ಷೆಯ ಆಧಾರದಲ್ಲಿ ಎಂದು ಸಂಕೋಚವಿಲ್ಲದೆ ಕೇಳಿ. ಎಲ್ಲ ಇಮ್ಯುನೋಥೆರಪಿಗೂ ಒಂದೇ ಪರೀಕ್ಷೆ ಇರುವುದಿಲ್ಲ, ಆದರೆ ವೈದ್ಯರ ಬಳಿ ಈ ಪ್ರಶ್ನೆಗೆ ಉತ್ತರ ಇರುತ್ತದೆ. ರಕ್ತದಲ್ಲಿ ಸಿಇಎ ಅಥವಾ ಸಿಎ-125 ಹೆಚ್ಚಿದೆ ಎಂಬ ಒಂದೇ ವರದಿ ತೋರಿಸಿ ಕ್ಯಾನ್ಸರ್ ಲಸಿಕೆ ಕೊಡುತ್ತೇವೆ ಎನ್ನುವವರಿಗೆ ಹಣ ಕಟ್ಟುವ ಮೊದಲು, ಕ್ಯಾನ್ಸರ್ ತಜ್ಞರೊಬ್ಬರನ್ನು ತಪ್ಪದೆ ಕಾಣಿ.

ವಿದ್ಯಾರ್ಥಿಗಳು ಗಮನಿಸಬೇಕಾದದ್ದು, ಈ ಕೆಲಸಕ್ಕೆ ಡಾಕ್ಟರೇ ಆಗಬೇಕೆಂದಿಲ್ಲ. ಮೇಣದ ಅಚ್ಚಿನಿಂದ ತೆಳು ಪದರ ಕತ್ತರಿಸುವವರು ಲ್ಯಾಬ್ ಟೆಕ್ನಾಲಜಿ ಓದಿದವರು. ಫ್ಲೋ ಸೈಟೋಮೀಟರ್ ನಡೆಸುವವರಲ್ಲಿ ಜೀವವಿಜ್ಞಾನ ಓದಿದವರು ಹಲವರು. ಡಿಎನ್‌ಎ ಹೋಲಿಸುವ ಕೆಲಸಕ್ಕೆ ಗಣಿತ, ಕಂಪ್ಯೂಟರ್ ಬಲ್ಲವರು ಬೇಕು. ಬಿಎಸ್ಸಿ ಮುಗಿಸಿದವರಿಗೆ ಐಐಟಿ ಜಾಮ್, ಗ್ಯಾಟ್-ಬಿ ಪ್ರವೇಶ ಪರೀಕ್ಷೆಗಳ ಮೂಲಕ ಸ್ನಾತಕೋತ್ತರ ಅಧ್ಯಯನದ ದಾರಿ ಇದೆ.

ದಾನಿಗಳಲ್ಲಿ ಒಂದು ಮಾತು. ಒಬ್ಬ ರೋಗಿಯ ಚಿಕಿತ್ಸೆಗೆ ಕೊಟ್ಟ ನೆರವಿನ ಫಲ ಬೇಗ ಕಾಣುತ್ತದೆ. ಒಬ್ಬ ವಿದ್ಯಾರ್ಥಿಯ ಓದಿಗೆ ಕೊಟ್ಟದ್ದರ ಫಲ ಕಾಣಲು ವರ್ಷಗಳು ಬೇಕು. ಕೆಲವೊಮ್ಮೆ ಕೊಟ್ಟವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಹೃದಯದಲ್ಲಿರುವ ಆ ಐದು ಮಣಿಗಳ ಹೋಲಿಕೆಯನ್ನು ಚಿಕಿತ್ಸೆಗೆ ಮೊದಲೇ ಗಮನಿಸುವವರು ಬೇಕು. ಅಂಥವರು ತಯಾರಾಗುವುದು ಓದಿನಿಂದ. ಎರಡೂ ಬಗೆಯ ನೆರವು ಮುಂದುವರಿಯಲಿ ಎಂಬುದೇ ನಮ್ಮ ಕೋರಿಕೆ.